ಗಟ್ಟಿಯಾದ ಎನಾಮೆಲ್ ಡಬ್ಬಿಗಳು: ಯಾವುದು ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ?

ಗುಡ್ಡದ ನೆರಳು, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಕೌಲ್ ಬಜಾರಿನ ಹಳೇ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ನಮ್ಮ ಸೋದರಮಾವನ ಟ್ರಂಕು ಸಿಕ್ಕಿತು. ಒಳಗೆ ಬಿಸ್ಕತ್ತಿನ ತಗಡಿನ ಡಬ್ಬ. ಅದರಲ್ಲಿ ಮಾಡೆಲ್‌ಗಳಿಗೆ ಹಚ್ಚುವ ಹಂಬ್ರೋಲ್ ಕಂಪನಿಯ ಎನಾಮೆಲ್ ಬಣ್ಣದ 22 ಪುಟಾಣಿ ಡಬ್ಬಿಗಳು, ಒಂದೊಂದೂ 14 ಎಂಎಲ್. ಪಕ್ಕದಲ್ಲೇ ಅರ್ಧ ಜೋಡಿಸಿಟ್ಟ ನ್ಯಾಟ್ ಯುದ್ಧವಿಮಾನದ ಪ್ಲಾಸ್ಟಿಕ್ ಮಾಡೆಲ್, 1/72 ಅಳತೆಯದು.

ಮಾವ ಈಗಿಲ್ಲ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಬೇಸಿಗೆ ರಜೆಯಿಡೀ ಅವರ ಪಕ್ಕ ಕೂತು ನೋಡುತ್ತಿದ್ದೆ. ಆ ನ್ಯಾಟನ್ನು ಅವರದೇ ಬಣ್ಣದಲ್ಲಿ ಮುಗಿಸಬೇಕು ಅಂತ ನನಗೆ ತುಂಬಾ ಆಸೆ. ಹೊಸ ಡಬ್ಬಿ ತರಿಸಬಹುದು, ಗೊತ್ತು. ಆದರೂ ಇವೇ ಆಗಬೇಕು ಅಂತ ಮನಸ್ಸು.

ನಾಲ್ಕೈದು ತೆರೆದು ನೋಡಿದೆ. ಒಂದು ಜೋನಿಬೆಲ್ಲದ ಹಾಗಿದೆ. ಒಂದರ ಮೇಲೆ ದಪ್ಪ ಕೆನೆ ಕಟ್ಟಿದೆ. ಒಂದು ಕಲ್ಲು. ತಗಡಿನ ಶೀಟಿನ ಕೆಳಗೆ, ಬಳ್ಳಾರಿ ಬಿಸಿಲಲ್ಲಿ ಇಷ್ಟು ವರ್ಷ ಇದ್ದವು. ಇವನ್ನು ಮತ್ತೆ ತೆಳು ಮಾಡಿ ಬಳಸಲು ಆಗುತ್ತದಾ? ಯಾವ ಥಿನ್ನರ್ ಹಾಕಬೇಕು, ಎಷ್ಟು ಹಾಕಬೇಕು?

ಬೋರ್ಡ್ ಬರೆಯುವವ, ಕೊಪ್ಪಳ

ತಮ್ಮಾ, ಮೊದಲು ಒಂದು ಮಾತು. ಯಾವ ಡಬ್ಬಿಗೂ ಈಗಲೇ ಏನೂ ಸುರಿಯಬೇಡಿ. ಸುರಿದಿದ್ದರೆ ಏನು ಸುರಿದಿರಿ ಹೇಳಿ.

ಗುಡ್ಡದ ನೆರಳು, ಬಳ್ಳಾರಿ

ಕಾಕಾ, ಎರಡಕ್ಕೆ ಹಾಕಿಬಿಟ್ಟಿದ್ದೇನೆ. ಅಂಗಡಿಯಲ್ಲಿ ಥಿನ್ನರ್ ಕೊಡಿ ಅಂದೆ, ಎನ್‌ಸಿ ಥಿನ್ನರ್ (ನೈಟ್ರೋಸೆಲ್ಯುಲೋಸ್ ಬಣ್ಣಕ್ಕೆ ಹಾಕುವಂಥದ್ದು) ಕೊಟ್ಟರು. ಕೆನೆ ಕಟ್ಟಿದ್ದ ಹಸಿರಿಗೂ ನೀಲಿಗೂ ಸುರಿದು ಜೋರಾಗಿ ಕಲಕಿದೆ. ಕೆನೆ ಕರಗುತ್ತದೆ ಅಂದುಕೊಂಡಿದ್ದೆ. ಕರಗಲಿಲ್ಲ, ಉಬ್ಬಿಕೊಂಡು ಚೂರಾಯಿತು. ಈಗ ಬಣ್ಣದ ತುಂಬಾ ರವೆಯ ಹಾಗೆ ಕಾಳು. ಬ್ರಷ್‌ನಲ್ಲಿ ಎಳೆದರೆ ಕಾಳೂ ಜೊತೆಗೆ ಬರುತ್ತಿದೆ.

ಬೋರ್ಡ್ ಬರೆಯುವವ, ಕೊಪ್ಪಳ

ಪರವಾಗಿಲ್ಲ, ಆ ಎರಡನ್ನು ಸೋಸಿ ನೋಡೋಣ. ಉಳಿದ 20ನ್ನು ಮಾತ್ರ ಮುಟ್ಟಬೇಡಿ.

ನಾನು ಮೂವತ್ತು ವರ್ಷ ಅಂಗಡಿ ಬೋರ್ಡು, ಲಾರಿ ಹಿಂಭಾಗ, ಶಾಲೆ ಗೋಡೆ ಬರೆದವನು. ನಮ್ಮದು ಸಿಂಥೆಟಿಕ್ ಎನಾಮೆಲ್, ನಿಮ್ಮದು ಮಾಡೆಲ್ ಎನಾಮೆಲ್. ಜಾತಿ ಒಂದೇ. ನಿಮ್ಮದರಲ್ಲಿ ಬಣ್ಣದ ಪುಡಿ ಜಾಸ್ತಿ ನುಣ್ಣಗೆ ಅರೆದಿರುತ್ತದೆ, ಅಷ್ಟೇ ವ್ಯತ್ಯಾಸ. ಗಟ್ಟಿಯಾದ ಡಬ್ಬಿ ಕೈಗೆ ಬಂದರೆ ನಾವು ಮೊದಲು ನೋಡುವುದು ಒಂದನ್ನೇ: ಇದು ಒಣಗಿದೆಯೋ, ಬರೀ ಬತ್ತಿದೆಯೋ? ಬತ್ತಿದ್ದು ಮರಳಿ ಬರುತ್ತದೆ. ಒಣಗಿದ್ದು ಬರುವುದಿಲ್ಲ.

ಪರೀಕ್ಷೆ ಸುಲಭ. ಹಲ್ಲುಕಡ್ಡಿಯಲ್ಲಿ ಕಡಲೆಬೇಳೆಯಷ್ಟು ಬಣ್ಣ ತೆಗೆಯಿರಿ. ಗಾಜಿನ ಪುಟ್ಟ ಬಾಟಲಿಯಲ್ಲಿ ಅರ್ಧ ಚಮಚ ಟರ್ಪೆಂಟೈನ್ ಹಾಕಿ, ಅದರಲ್ಲಿ ಬಿಟ್ಟು, ಮುಚ್ಚಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಅಲ್ಲಾಡಿಸಿ. ಪೂರ್ತಿ ಬಣ್ಣದ ನೀರಾದರೆ ಡಬ್ಬಿ ಬದುಕಿದೆ. ಟರ್ಪೆಂಟೈನ್ ತಿಳಿಯಾಗೇ ಇದ್ದು ತಳದಲ್ಲಿ ರಬ್ಬರಿನಂಥ ಚೂರು ಉಳಿದರೆ ಆಸೆ ಬಿಡಿ.

ದೋಆಬ್ ಕೆಮಿಸ್ಟ್ರಿ, ರಾಯಚೂರು

ಕಾಕಾ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಹೀಗ್ಯಾಕೆ ಆಗುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಇದು ತಿಳಿದರೆ ಮುಂದಿನದೆಲ್ಲ ತಾನೇ ತಿಳಿಯುತ್ತದೆ.

ಈ ಎನಾಮೆಲ್‌ನಲ್ಲಿ ಮುಖ್ಯವಾಗಿ ಮೂರು ಇರುತ್ತವೆ. ಬಣ್ಣದ ಪುಡಿ, ಅದನ್ನು ಹಿಡಿದಿಡುವ ಅಲ್ಕಿಡ್ ರಾಳ, ಎರಡನ್ನೂ ಹರಿಯುವಂತೆ ಇಡುವ ದ್ರಾವಕ. ಹಚ್ಚಿದ ಮೇಲೆ ಒಣಗುವುದು ಎರಡು ಹಂತದಲ್ಲಿ. ಮೊದಲು ದ್ರಾವಕ ಆವಿಯಾಗಿ ಹೋಗುತ್ತದೆ. ಆಮೇಲೆ ರಾಳದಲ್ಲಿರುವ ಎಣ್ಣೆಯ ಭಾಗ ಗಾಳಿಯಲ್ಲಿನ ಆಮ್ಲಜನಕ ಹೀರಿಕೊಂಡು ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ಇದು ಬೇಗ ಆಗಲಿ ಅಂತ ಕೋಬಾಲ್ಟ್‌ನಂಥ ಲೋಹದ ಲವಣವನ್ನು ಚೂರು ಸೇರಿಸಿರುತ್ತಾರೆ. ಅದಕ್ಕೆ ಡ್ರೈಯರ್ ಅಂತ ಹೆಸರು.

ಮೊದಲನೇ ಹಂತವನ್ನು ಹಿಂದಕ್ಕೆ ತಿರುಗಿಸಬಹುದು. ಹೋದ ದ್ರಾವಕ ಮತ್ತೆ ಹಾಕಿದರೆ ಆಯಿತು. ಎರಡನೇ ಹಂತ ತಿರುಗುವುದಿಲ್ಲ. ಇಡ್ಲಿ ಹಿಟ್ಟಿಗೆ ನೀರು ಬೆರೆಸಿ ತೆಳು ಮಾಡಬಹುದು, ಬೆಂದ ಇಡ್ಲಿಗೆ ನೀರು ಹಾಕಿದರೆ ಹಿಟ್ಟಾಗುತ್ತದಾ? ನಿಮ್ಮ ಡಬ್ಬಿಯ ಮೇಲಿನ ಕೆನೆ ಬೆಂದ ಇಡ್ಲಿ. ಕೆಳಗೆ ಇರುವುದು ಇನ್ನೂ ಹಿಟ್ಟು. ಅದಕ್ಕೇ ಕೆನೆಯನ್ನು ಕಲಕಬಾರದು, ಇಡಿಯಾಗಿ ಎತ್ತಿ ತೆಗೆಯಬೇಕು. ಎನ್‌ಸಿ ಥಿನ್ನರ್ ಖಾರದ್ದು, ಕೆನೆಯನ್ನು ಉಬ್ಬಿಸಿ ಹರಿದುಹಾಕುತ್ತದೆ. ಕರಗಿಸುವುದಿಲ್ಲ. ನಿಮಗೆ ರವೆ ಸಿಕ್ಕಿದ್ದು ಅದರಿಂದಲೇ.

ಅಂಗಡಿಯಲ್ಲಿ ಇನ್ನು ಮೇಲೆ ಬರೀ ಥಿನ್ನರ್ ಅನ್ನಬೇಡಿ. ಮಿನರಲ್ ಟರ್ಪೆಂಟೈನ್ ಅನ್ನಿ, ಇಲ್ಲವೇ ಎಂಟಿಓ ಅನ್ನಿ. ಹೊರದೇಶದವರು ವೈಟ್ ಸ್ಪಿರಿಟ್ ಅನ್ನುವುದು ಹೆಚ್ಚುಕಮ್ಮಿ ಇದನ್ನೇ.

ಏರ್‌ಬ್ರಷ್ ತಮ್ಮ, ಗಂಗಾವತಿ

ಅಕ್ಕಾ, ಒಂದು ಸಣ್ಣ ತಕರಾರು. ನಾನು ಎರಡು ವರ್ಷದಿಂದ ಎನಾಮೆಲ್‌ಗೆ ಎನ್‌ಸಿ ಥಿನ್ನರ್ ಹಾಕಿಯೇ ಏರ್‌ಬ್ರಷ್‌ನಲ್ಲಿ (ಗಾಳಿ ಒತ್ತಡದಿಂದ ಬಣ್ಣ ಚಿಮ್ಮಿಸುವ ಸಾಧನ) ಹೊಡೆಯುತ್ತಿದ್ದೇನೆ. ಬೇಗ ಒಣಗುತ್ತದೆ, ನುಣ್ಣಗೂ ಕೂರುತ್ತದೆ. ನನ್ನ ಟಿ-55 ಟ್ಯಾಂಕ್ ಪೂರ್ತಿ ಹಾಗೆ ಮಾಡಿದ್ದು. ಯಾವ ತೊಂದರೆಯೂ ಆಗಿಲ್ಲ.

ದೋಆಬ್ ಕೆಮಿಸ್ಟ್ರಿ, ರಾಯಚೂರು

ನೀವು ಹೇಳಿದ್ದೂ ನಿಜ, ತಮ್ಮಾ. ಏರ್‌ಬ್ರಷ್‌ನಿಂದ ಹನಿ ಹೊರಬಿದ್ದು ಮಾಡೆಲ್‌ಗೆ ತಾಗುವಷ್ಟರಲ್ಲಿ ಆ ಥಿನ್ನರ್ ಅರ್ಧ ಆವಿಯಾಗಿರುತ್ತದೆ. ಉಳಿದ ಅಷ್ಟಿಷ್ಟು ಪ್ಲಾಸ್ಟಿಕ್‌ಗೆ ಏನೂ ಮಾಡುವುದಿಲ್ಲ. ಬ್ರಷ್‌ನಲ್ಲಿ ಹಚ್ಚಿದರೆ ಹಾಗಲ್ಲ. ಒದ್ದೆಯಾಗಿ ಕೂತು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನೇ ಮೆತ್ತಗೆ ಮಾಡುತ್ತದೆ. ಕಾಕ್‌ಪಿಟ್‌ನ ಪಾರದರ್ಶಕ ಮುಚ್ಚಳಕ್ಕೆ ತಾಗಿದರಂತೂ ಮಂಜು ಹಿಡಿದ ಹಾಗಾಗುತ್ತದೆ, ಮತ್ತೆ ತಿಳಿಯಾಗುವುದಿಲ್ಲ. ಅರೆಬರೆ ಒಣಗಿದ ಮೊದಲ ಪದರದ ಮೇಲೆ ಬಿದ್ದರೆ ಅದು ಸುಕ್ಕು ಬೀಳುತ್ತದೆ.

ಮತ್ತೊಂದು ಮಾತು. ನೀವು ಕಪ್‌ನಲ್ಲಿ ಬೆರೆಸಿ ಅಂದೇ ಖಾಲಿ ಮಾಡುತ್ತೀರಿ. ಇವರು ಡಬ್ಬಿಗೇ ಹಾಕಿ ವರ್ಷಗಟ್ಟಲೆ ಇಡಬೇಕು. ಡಬ್ಬಿಗೆ ಹಾಕುವುದಾದರೆ ಟರ್ಪೆಂಟೈನ್ ಮಾತ್ರ.

ಏರ್‌ಬ್ರಷ್ ತಮ್ಮ, ಗಂಗಾವತಿ

ಸರಿ ಅಕ್ಕಾ, ಒಪ್ಪಿದೆ. ಕಪ್‌ಗೆ ಬೇರೆ, ಡಬ್ಬಿಗೆ ಬೇರೆ. ಈ ವ್ಯತ್ಯಾಸ ನಾನು ಯೋಚಿಸಿರಲಿಲ್ಲ.

ಹಳಿ ಪಕ್ಕದ ಮನೆ, ಬಳ್ಳಾರಿ

ಸೀಮೆಎಣ್ಣೆ ಹಾಕಬಹುದಾ? ನಮ್ಮಪ್ಪ ಕಿಟಕಿ ಪೇಂಟ್‌ಗೆ ಅದನ್ನೇ ಹಾಕುತ್ತಿದ್ದರು.

ಬೋರ್ಡ್ ಬರೆಯುವವ, ಕೊಪ್ಪಳ

ಬ್ರಷ್ ತೊಳೆಯಲು ಸಾಕು, ಬಣ್ಣಕ್ಕೆ ಬೇಡ. ನಿಧಾನಕ್ಕೆ ಹಾರುತ್ತದೆ. ಹಿಂದೆ ಜಿಡ್ಡು ಉಳಿಸುತ್ತದೆ. ಕಿಟಕಿಗೆ ನಡೆಯಿತು, ಬೆರಳುದ್ದದ ವಿಮಾನಕ್ಕೆ ನಡೆಯುವುದಿಲ್ಲ. ಪೆಟ್ರೋಲಂತೂ ಮನೆಯೊಳಗೆ ತರಲೇಬೇಡಿ.

ಗುಡ್ಡದ ನೆರಳು, ಬಳ್ಳಾರಿ

ಪರೀಕ್ಷೆ ಮಾಡಿದೆ. 22 ಹೋಮಿಯೋಪತಿ ಬಾಟಲಿ ಸಾಲಾಗಿಟ್ಟು ಒಂದೊಂದಕ್ಕೂ ಚೀಟಿ ಅಂಟಿಸಿದೆ. ಬೆಳಿಗ್ಗೆ ಎದ್ದು ಮೊದಲು ಅವನ್ನೇ ನೋಡಿದೆ.

ಕಲ್ಲಾದವು 5. ಟರ್ಪೆಂಟೈನ್ ತಿಳಿನೀರಿನ ಹಾಗೇ ಇದೆ, ಚೂರು ಚೂರಾಗೇ ಇದೆ. ಅದರಲ್ಲಿ ಒಂದು 56 ನಂಬರಿನ ಅಲ್ಯೂಮಿನಿಯಂ. ತುಂಬಾ ಬೇಜಾರಾಯಿತು. ಬರೀ ಬತ್ತಿದವು 11. ಕೆನೆ ಕಟ್ಟಿದವು 6, ನಾನು ಕಲಕಿ ಕೆಡಿಸಿದ ಎರಡೂ ಸೇರಿ. ಒಂದು ಸಮಾಧಾನ ಏನೆಂದರೆ 11 ನಂಬರಿನ ಬೆಳ್ಳಿ ಬಣ್ಣ ಬತ್ತಿದವುಗಳ ಗುಂಪಿನಲ್ಲಿದೆ. ನ್ಯಾಟ್‌ಗೆ ಬೇಕಾಗಿರುವುದು ಅದೇ. 1965ರ ಯುದ್ಧದ ಹೊತ್ತಿಗೆ ನಮ್ಮ ವಾಯುಪಡೆಯ ನ್ಯಾಟ್‌ಗಳು ಬರೀ ಲೋಹದ ಬಣ್ಣದಲ್ಲಿದ್ದವು.

ಈಗ ಮುಂದೇನು ಕಾಕಾ? ಒಂದೊಂದೇ ಹೆಜ್ಜೆ ಹೇಳಿ.

ಬೋರ್ಡ್ ಬರೆಯುವವ, ಕೊಪ್ಪಳ

ಬತ್ತಿದವುಗಳಿಂದ ಶುರು ಮಾಡಿ. ಬೆಳ್ಳಿ ಬಣ್ಣವನ್ನು ಕೊನೆಗೆ ಇಟ್ಟುಕೊಳ್ಳಿ. ಅಷ್ಟರಲ್ಲಿ ಕೈ ಪಳಗಿರುತ್ತದೆ.

ಮುಚ್ಚಳ ತೆಗೆಯುವಾಗ ಸ್ಕ್ರೂಡ್ರೈವರ್‌ನಿಂದ ಒಂದೇ ಕಡೆ ಎತ್ತಬೇಡಿ, ಬಾಯಿ ಸೊಟ್ಟಗಾಗುತ್ತದೆ. ಆಮೇಲೆ ಎಷ್ಟು ಒತ್ತಿದರೂ ಗಾಳಿ ಒಳಗೆ ಹೋಗುತ್ತದೆ. ಚಮಚದ ಹಿಡಿಯಿಂದ ಸುತ್ತಲೂ ಸ್ವಲ್ಪ ಸ್ವಲ್ಪ ಎತ್ತಿ. ಬಾಯಿಯ ಅಂಚಿನಲ್ಲಿ ಒಣಗಿದ ಬಣ್ಣವನ್ನು ಮೊದಲೇ ಕೆರೆದು ಒರೆಸಿ. ಇಲ್ಲದಿದ್ದರೆ ಅದೇ ಪುಡಿ ಒಳಗೆ ಬೀಳುತ್ತದೆ.

ಈಗ ಅಗಲ ತುದಿಯ ಕಡ್ಡಿ ತಗೊಳ್ಳಿ. ಐಸ್‌ಕ್ರೀಮ್ ಕಡ್ಡಿಯನ್ನು ಉದ್ದಕ್ಕೆ ಸೀಳಿದರೆ ಸಾಕು. ತಳ ಮುಟ್ಟಿ ಕೆರೆಯಿರಿ. ಮೇಲೆ ಎಣ್ಣೆಯಂತೆ ಕಾಣುತ್ತಿದ್ದರೆ ಅದನ್ನು ಚೆಲ್ಲಬೇಡಿ, ಬಣ್ಣದ ಜೀವ ಇರುವುದು ಅದರಲ್ಲೇ. ತಳದ ಗಸಿಯನ್ನು ಮೇಲೆತ್ತಿ ಆ ಎಣ್ಣೆಗೇ ತಿಕ್ಕಿ ತಿಕ್ಕಿ ಸೇರಿಸಿ. ಒಂದು ಡಬ್ಬಿಗೆ ಹತ್ತು ನಿಮಿಷ ಬೇಕು. ಅವಸರ ಮಾಡಬಾರದು.

ಇಷ್ಟಾದ ಮೇಲೂ ಗಟ್ಟಿ ಇದ್ದರೆ ಟರ್ಪೆಂಟೈನ್ ಹನಿ ಹನಿಯಾಗಿ ಹಾಕಿ. ಐದು ಹನಿ ಹಾಕಿ, ಎರಡು ನಿಮಿಷ ಕಲಕಿ, ನೋಡಿ. ಮತ್ತೆ ಐದು. ಎಲ್ಲಾ ಒಮ್ಮೆಗೇ ಸುರಿದರೆ ಗಸಿ ಉಂಡೆ ಕಟ್ಟಿ ಸುತ್ತ ಬರೀ ನೀರು ನಿಲ್ಲುತ್ತದೆ. ರಾಗಿ ಗಂಜಿಗೆ ಹಿಟ್ಟು ಒಮ್ಮೆಲೇ ಸುರಿದರೆ ಗಂಟು ಕಟ್ಟುವುದಿಲ್ಲವೇ, ಹಾಗೆ. ಆಮೇಲೆ ಮುಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಅದೇ ಬಣ್ಣ ಬೇರೆಯೇ ಆಗಿರುತ್ತದೆ.

ಎಷ್ಟು ತೆಳು ಬೇಕು ಅಂತ ಕೇಳಿದ್ದಿರಿ. ಡಬ್ಬಿಯಲ್ಲಿ ಇಡುವಾಗ ದೋಸೆ ಹಿಟ್ಟಿಗಿಂತ ಚೂರು ತೆಳು ಸಾಕು. ಹಚ್ಚುವಾಗ ಬೇಕಾದಷ್ಟನ್ನು ಬೇರೆ ತಟ್ಟೆಗೆ ತೆಗೆದು ಅಲ್ಲಿ ತೆಳು ಮಾಡಿ. ಬ್ರಷ್‌ಗಾದರೆ ಕಡ್ಡಿ ಎತ್ತಿದಾಗ ಎಳೆ ನಿಲ್ಲದೆ ಹನಿಯಾಗಿ ಬೀಳಬೇಕು.

ಏರ್‌ಬ್ರಷ್ ತಮ್ಮ, ಗಂಗಾವತಿ

ಏರ್‌ಬ್ರಷ್‌ಗೆ ಹಾಲಿನ ಹದ. ನಾನು ಒಂದಕ್ಕೆ ಒಂದು ಅಳತೆಯಿಂದ ಶುರು ಮಾಡಿ, ಕಪ್‌ನ ಗೋಡೆಗೆ ಹಚ್ಚಿ ನೋಡುತ್ತೇನೆ. ಜಾರಿ ಹೋಗಿ ಹಿಂದೆ ತೆಳು ಬಣ್ಣ ಉಳಿದರೆ ಹದ ಸರಿ. ಒತ್ತಡ 15ರಿಂದ 20 ಪಿಎಸ್‌ಐ. ಅಣ್ಣಾ, ಕಲಕಲು ಕೈ ಸೋತರೆ ಸೈಕಲ್ ಅಂಗಡಿಯಿಂದ ಬೇರಿಂಗ್‌ನ ಗುಂಡು ತಂದು ಎರಡು ಹಾಕಿ, ಮುಚ್ಚಿ ಕುಲುಕಿ. ಎನಾಮೆಲ್‌ನಲ್ಲಿ ನೀರಿಲ್ಲ, ಹಾಗಾಗಿ ತುಕ್ಕು ಹಿಡಿಯುವುದಿಲ್ಲ. ಅಕ್ರಿಲಿಕ್ ಬಾಟಲಿಗೆ ಮಾತ್ರ ಬೇಡ.

ಬೋರ್ಡ್ ಬರೆಯುವವ, ಕೊಪ್ಪಳ

ಕೆನೆ ಕಟ್ಟಿದವಕ್ಕೆ ಬೇರೆ ದಾರಿ. ಚೂಪು ಬ್ಲೇಡಿನಿಂದ ಅಂಚಿಗೆ ಸುತ್ತಲೂ ಗೀರಿ, ಚಿಮಟದಿಂದ ಕೆನೆಯನ್ನು ಇಡಿಯಾಗಿ ಎತ್ತಿ. ಕೆಳಗೆ ಅಂಟಿದ ಒಳ್ಳೆ ಬಣ್ಣವನ್ನು ಡಬ್ಬಿಯ ಬಾಯಿಗೇ ಒರೆಸಿಕೊಂಡು ಕೆನೆ ಬಿಸಾಡಿ. ಆಮೇಲೆ ಕಲಕಿ, ತೆಳು ಮಾಡಿ, ಹಳೇ ನೈಲಾನ್ ಕಾಲುಚೀಲ ಎರಡು ಮಡಿಕೆ ಮಾಡಿ ಸೋಸಿ. ಹತ್ತಿ ಬಟ್ಟೆ ಬೇಡ, ನಾರು ಬಿಡುತ್ತದೆ. ನೀವು ಕಲಕಿದ ಆ ಎರಡನ್ನೂ ಹೀಗೇ ಸೋಸಿ. ಮೂರು ಸಲ ಸೋಸಬೇಕಾಗಬಹುದು.

ದೋಆಬ್ ಕೆಮಿಸ್ಟ್ರಿ, ರಾಯಚೂರು

ಇಲ್ಲಿ ಒಂದು ಸೇರಿಸುತ್ತೇನೆ. ಕೆನೆಯ ಜೊತೆ ರಾಳವೂ ಹೋಗಿರುತ್ತದೆ. ಅದರ ಮೇಲೆ ಬರೀ ಟರ್ಪೆಂಟೈನ್ ಹಾಕುತ್ತಾ ಹೋದರೆ ಪುಡಿ ಜಾಸ್ತಿ, ಹಿಡಿದಿಡುವ ರಾಳ ಕಡಿಮೆ. ಒಣಗಿದ ಮೇಲೆ ಬೆರಳಿಗೆ ಸೀಮೆಸುಣ್ಣದ ಹಾಗೆ ಬರುತ್ತದೆ. ಅಂಥ ಡಬ್ಬಿಗೆ ಎನಾಮೆಲ್ ಜಾತಿಯದೇ ಕ್ಲಿಯರ್ ವಾರ್ನಿಷ್ ನಾಲ್ಕೈದು ಹನಿ ಹಾಕಿ ನೋಡಿ. ಮ್ಯಾಟ್ ಬಣ್ಣಕ್ಕೆ ಇನ್ನೂ ಕಡಿಮೆ, ಇಲ್ಲದಿದ್ದರೆ ಹೊಳಪು ಬಂದುಬಿಡುತ್ತದೆ.

ಈಗ ನಾನು ನಿಜವಾಗಿ ಹೇಳಬೇಕಾದ್ದು. ಇದನ್ನು ದಯವಿಟ್ಟು ಎಲ್ಲರೂ ಓದಿ. ಮಿನರಲ್ ಟರ್ಪೆಂಟೈನ್‌ನ ಆವಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಉಷ್ಣತೆ 40 ಡಿಗ್ರಿಯ ಆಸುಪಾಸು, ಕೆಲವು ಬಗೆಗೆ ಇನ್ನೂ ಕಡಿಮೆ. ತಣ್ಣನೆಯ ದೇಶದಲ್ಲಿ ಕೂತು ಬರೆದ ಸಲಹೆಗಳಲ್ಲಿ ಇದು ಅಷ್ಟು ಅಪಾಯದ್ದಲ್ಲ ಅನ್ನಿಸಬಹುದು. ರಾಯಚೂರು, ಬಳ್ಳಾರಿಯಲ್ಲಿ ಏಪ್ರಿಲ್-ಮೇ ಬಂದರೆ ಕೋಣೆಯೇ ಅಷ್ಟು ಕಾಯುತ್ತದೆ. ಅಡುಗೆಮನೆಯಲ್ಲಿ ಈ ಕೆಲಸ ಬೇಡ. ದೇವರ ದೀಪ ಉರಿಯುವ ಕೋಣೆಯಲ್ಲಿ ಬೇಡ. ಡಬ್ಬಿಯನ್ನು ಬಿಸಿನೀರಲ್ಲಿ ಇಟ್ಟು ಮೆತ್ತಗೆ ಮಾಡುವ ಉಪಾಯ ಕೆಲವರು ಹೇಳುತ್ತಾರೆ. ನಮ್ಮ ಕಡೆ ಅದರ ಅಗತ್ಯವೇ ಇಲ್ಲ.

ಬಣ್ಣ ಒರೆಸಿದ ಚಿಂದಿಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವ ಎಣ್ಣೆ ಆಮ್ಲಜನಕ ಹೀರುವಾಗ ಬಿಸಿ ಹುಟ್ಟುತ್ತದೆ. ಉಂಡೆಯ ಒಳಗೆ ಆ ಬಿಸಿ ಸೇರಿಕೊಂಡು ತಾನಾಗಿಯೇ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿಡಿ.

ಹಳೇ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಸೀಸ ಇರಬಹುದು. ನಮ್ಮ ದೇಶದಲ್ಲಿ ಮನೆ ಪೇಂಟ್‌ಗಳಿಗೆ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಈ ಡಬ್ಬಿಗಳು ಅದಕ್ಕಿಂತ ಎಷ್ಟೋ ಹಳೆಯವು. ಒಣ ಉಜ್ಜುಕಾಗದ ಹಾಕಿ ಧೂಳೆಬ್ಬಿಸಬೇಡಿ. ಮಕ್ಕಳ ಕೈಗೆ ಕೊಡಬೇಡಿ. ಬ್ರಷ್‌ನ ತುದಿಯನ್ನು ತುಟಿಯಲ್ಲಿ ಚೂಪು ಮಾಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಏರ್‌ಬ್ರಷ್ ಹೊಡೆಯುವವರಿಗೆ ಬಟ್ಟೆ ಮಾಸ್ಕ್ ಸಾಲದು, ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು.

ಏರ್‌ಬ್ರಷ್ ತಮ್ಮ, ಗಂಗಾವತಿ

ನನ್ನ ಹತ್ತಿರ ಬಟ್ಟೆ ಮಾಸ್ಕೇ ಇರುವುದು ಅಕ್ಕಾ. ಈ ವಾರವೇ ಬದಲಿಸುತ್ತೇನೆ.

ಗುಡ್ಡದ ನೆರಳು, ಬಳ್ಳಾರಿ

ಹತ್ತು ದಿನದ ವರದಿ. ಬತ್ತಿದ 11ರಲ್ಲಿ ಬೆಳ್ಳಿ ಬಿಟ್ಟು 10 ಮುಗಿಸಿದೆ. ಎಲ್ಲವೂ ಬಂದವು. ಕೆನೆ ಕಟ್ಟಿದ 6ರಲ್ಲಿ 5 ಬಂದವು. ನೀಲಿ ಮೂರು ಸಲ ಸೋಸಿದ ಮೇಲೆ ಬಂತು. ಹಸಿರು ಬರಲಿಲ್ಲ.

ಎರಡು ತೊಂದರೆ ಉಳಿದಿವೆ. 29 ನಂಬರಿನ ಮಣ್ಣು ಬಣ್ಣ ಮ್ಯಾಟ್ ಅಂತ ಡಬ್ಬಿಯ ಮೇಲೆ ಇದೆ, ಒಣಗಿದ ಮೇಲೆ ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ. 33 ನಂಬರಿನ ಕಪ್ಪು ಹಚ್ಚಿ ಮೂರು ದಿನ ಆಯಿತು, ಇನ್ನೂ ಬೆರಳಿಗೆ ಅಂಟುತ್ತಿದೆ. ಉಳಿದವೆಲ್ಲ ಒಂದೇ ದಿನದಲ್ಲಿ ಒಣಗಿದವು. ಎಲ್ಲವನ್ನೂ ಕಿಟ್‌ನ ಉಳಿದ ಪ್ಲಾಸ್ಟಿಕ್ ಚೌಕಟ್ಟಿನ ಮೇಲೆ ಹಚ್ಚಿ ನೋಡಿದ್ದು. ಮಾಡೆಲ್ ಇನ್ನೂ ಮುಟ್ಟಿಲ್ಲ.

ಬೋರ್ಡ್ ಬರೆಯುವವ, ಕೊಪ್ಪಳ

ಮಣ್ಣು ಬಣ್ಣ ಇನ್ನೂ ಕಲಕಬೇಕು. ಹೊಳಪು ಕಡಿಮೆ ಮಾಡುವ ಪುಡಿ ತಳದಲ್ಲೇ ಕೂತಿದೆ. ಡಬ್ಬಿಯ ತಳದ ಮೂಲೆಗಳನ್ನು ಕೆರೆದು ನೋಡಿ, ಬಿಳಿಚಿದ ಅಂಟು ಸಿಗಬಹುದು. ಕಪ್ಪಿನ ಡಬ್ಬಿಯ ವಾಸನೆ ನೋಡಿ ಹೇಳಿ.

ಗುಡ್ಡದ ನೆರಳು, ಬಳ್ಳಾರಿ

ಅಂಟು ಸಿಕ್ಕಿತು ಕಾಕಾ! ಕಾಲು ಗಂಟೆ ತಿಕ್ಕಿದೆ, ಈಗ ಸರಿಯಾಗಿ ಮ್ಯಾಟ್ ಆಗಿದೆ.

ಕಪ್ಪಿನ ವಾಸನೆ... ಸೀಮೆಎಣ್ಣೆ ಅನ್ನಿಸುತ್ತಿದೆ. ಅಮ್ಮನನ್ನು ಕೇಳಿದೆ. ಮಾವ ಒಮ್ಮೊಮ್ಮೆ ಸ್ಟೌವ್‌ನ ಸೀಮೆಎಣ್ಣೆಯನ್ನೇ ಬಳಸುತ್ತಿದ್ದರಂತೆ. ಆಗ ಅವರಿಗೆ ಸಿಗುತ್ತಿದ್ದದ್ದು ಅದೇ.

ದೋಆಬ್ ಕೆಮಿಸ್ಟ್ರಿ, ರಾಯಚೂರು

ಹಾಗಾದರೆ ಕಾರಣ ಸಿಕ್ಕಿತು. ಕಪ್ಪಿನಲ್ಲಿ ಇನ್ನೊಂದು ಕಾರಣವೂ ಸೇರಿರಬಹುದು. ಕಪ್ಪಿಗೆ ಹಾಕುವ ಕಾರ್ಬನ್ ಪುಡಿ ವರ್ಷಗಟ್ಟಲೆ ಇಟ್ಟರೆ ಡ್ರೈಯರನ್ನು ತನ್ನ ಮೈಗೆ ಹೀರಿಕೊಳ್ಳುತ್ತದೆ. ಆಗ ಒಣಗುವುದು ತಡವಾಗುತ್ತದೆ. ಹೊಸ ಕಪ್ಪು ಎನಾಮೆಲ್ ಸ್ವಲ್ಪ ಬೆರೆಸಿದರೆ ಸುಧಾರಿಸಬಹುದು. ಆದರೆ ನ್ಯಾಟ್‌ನ ಚಕ್ರಕ್ಕೆ ಬೇಕಾಗುವುದು ಎರಡು ಹನಿ. ಅಷ್ಟಕ್ಕೆ ಹೊಸ ಡಬ್ಬಿಯದೇ ಹಚ್ಚಿ. ಈ ಡಬ್ಬಿಯನ್ನು ಮುಚ್ಚಿ ಹಾಗೇ ಇಟ್ಟುಕೊಳ್ಳಿ.

ಹಳಿ ಪಕ್ಕದ ಮನೆ, ಬಳ್ಳಾರಿ

ಉಳಿಸಿದ ಮೇಲೆ ಮತ್ತೆ ಬತ್ತದಂತೆ ಇಡುವುದು ಹೇಗೆ? ನಾನು ರೈಲು ಮಾಡೆಲ್ ಮಾಡುವವನು. ಪ್ರತಿ ಬೇಸಿಗೆಗೂ ಎರಡು ಮೂರು ಡಬ್ಬಿ ಕಳೆದುಕೊಳ್ಳುತ್ತೇನೆ.

ಬೋರ್ಡ್ ಬರೆಯುವವ, ಕೊಪ್ಪಳ

ಡಬ್ಬಿಯಲ್ಲಿ ಗಾಳಿ ಇರಬಾರದು, ಅಷ್ಟೇ. ಅರ್ಧ ಖಾಲಿಯಾದ ಡಬ್ಬಿಗೆ ಗಾಜಿನ ಗೋಲಿ ತೊಳೆದು ಹಾಕಿ, ಬಣ್ಣ ಬಾಯಿವರೆಗೂ ಬರುತ್ತದೆ. ಇಲ್ಲವೇ ಚಿಕ್ಕ ಗಾಜಿನ ಬಾಟಲಿಗೆ ತುಂಬಿಸಿ. ಇಂಜೆಕ್ಷನ್ ಬಾಟಲಿ ಬೇಡ, ಅದರ ರಬ್ಬರ್ ಬಿರಡೆ ಊದಿಕೊಳ್ಳುತ್ತದೆ. ಮುಚ್ಚುವ ಮೊದಲು ಮೇಲೆ ನಾಲ್ಕು ಹನಿ ಟರ್ಪೆಂಟೈನ್ ಬಿಡಿ, ಕಲಕಬೇಡಿ. ಬಾಯಿ ಒರೆಸಿ, ತಗಡಿಗೆ ತಗಡು ಕೂರುವಂತೆ ಒತ್ತಿ. ಅಟ್ಟದ ಮೇಲೆ ಇಡಬೇಡಿ. ನಾನು ನೆಲದ ಮೇಲೆ, ನೀರಿನ ಹಂಡೆ ಇಡುವ ತಣ್ಣನೆಯ ಮೂಲೆಯಲ್ಲಿ ಇಡುತ್ತೇನೆ.

ಗುಡ್ಡದ ನೆರಳು, ಬಳ್ಳಾರಿ

ಇವತ್ತು ಬೆಳ್ಳಿ ಬಣ್ಣ ತೆಗೆಯುತ್ತೇನೆ. ಅದಕ್ಕೆ ಬೇರೆ ಎಚ್ಚರಿಕೆ ಏನಾದರೂ ಇದೆಯಾ?

ಬೋರ್ಡ್ ಬರೆಯುವವ, ಕೊಪ್ಪಳ

ಇದೆ. ಬೆಳ್ಳಿ ಅಂದರೆ ಅಲ್ಯೂಮಿನಿಯಂನ ಸಣ್ಣ ಸಣ್ಣ ಚಕ್ಕೆ. ಜಾಸ್ತಿ ತೆಳುವಾದರೆ ಚಕ್ಕೆಗಳು ತೇಲಿ ಗುಂಪುಗುಂಪಾಗಿ ನಿಲ್ಲುತ್ತವೆ, ಮೈಯೆಲ್ಲ ಮೋಡ ಮೋಡ ಕಾಣುತ್ತದೆ. ಉಳಿದ ಬಣ್ಣಕ್ಕಿಂತ ಒಂದು ಹದ ಗಟ್ಟಿಯಾಗೇ ಇರಲಿ. ಹಚ್ಚುವಾಗ ಐದು ನಿಮಿಷಕ್ಕೊಮ್ಮೆ ಕಲಕಿ. ಅಗಲವಾದ ಮೆತ್ತನೆ ಬ್ರಷ್, ಒಂದೇ ದಿಕ್ಕಿಗೆ ಒಂದೇ ಎಳೆತ. ಎಳೆದ ಜಾಗಕ್ಕೆ ಮತ್ತೆ ಹೋಗಬೇಡಿ.

ಕೆಳಗಿನ ಮೈ ಹೇಗಿದೆ ನೋಡಿಕೊಳ್ಳಿ. ಕಿನ್ನಾಳ ನಮಗೆ ಹತ್ತಿರ. ಅಲ್ಲಿ ಗೊಂಬೆ ಮಾಡುವವರು ಮರಕ್ಕೆ ನೇರವಾಗಿ ಬಣ್ಣ ಹಚ್ಚುವುದಿಲ್ಲ, ಮೊದಲು ಮೈ ನುಣ್ಣಗೆ ಮಾಡಿಕೊಳ್ಳುತ್ತಾರೆ. ಬೆಳ್ಳಿ ಬಣ್ಣ ಒಂದು ಗೀರನ್ನೂ ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ.

ಹಳಿ ಪಕ್ಕದ ಮನೆ, ಬಳ್ಳಾರಿ

ನಮ್ಮೂರಿನ ಕೆಂಪು ಧೂಳು ನೆನಪಿರಲಿ. ಹಚ್ಚಿದ ತಕ್ಷಣ ಮೇಲೆ ಪ್ಲಾಸ್ಟಿಕ್ ಟಬ್ ಬೋರಲು ಹಾಕಿ, ಒಂದು ಅಂಚಿಗೆ ಬೆಂಕಿಕಡ್ಡಿ ಇಟ್ಟು ಚೂರು ಗಾಳಿ ಬಿಡಿ. ಬೆಳಿಗ್ಗೆ ಆರಕ್ಕೇ ಹಚ್ಚಿ. ಬಿಸಿಲೇರಿದರೆ ಬ್ರಷ್‌ನಲ್ಲೇ ಎಳೆ ಕಟ್ಟುತ್ತದೆ.

ಗುಡ್ಡದ ನೆರಳು, ಬಳ್ಳಾರಿ

ನಿನ್ನೆ ಬೆಳಿಗ್ಗೆ ಆರಕ್ಕೆ ಕೂತೆ. ಮೈ ಉಜ್ಜಿ, ಬೂದು ಬಣ್ಣದ ತೆಳು ಪದರ ಮೊನ್ನೆಯೇ ಹಚ್ಚಿಟ್ಟಿದ್ದೆ. ಬೆಳ್ಳಿ ಡಬ್ಬಿಯ ತಳ ಕೆರೆದಾಗ ಮೊದಲು ಬೂದಿಯಂಥ ಗಸಿ ಬಂತು. ಹದಿನೈದು ನಿಮಿಷ ತಿಕ್ಕಿದ ಮೇಲೆ ಒಮ್ಮೆಗೇ ಮಿನುಗಿತು. ಹತ್ತು ಹನಿ ಟರ್ಪೆಂಟೈನ್ ಸಾಕಾಯಿತು.

ಮೂಗಿನಿಂದ ಬಾಲದವರೆಗೆ ಕಾಕಾ ಹೇಳಿದಂತೆ ಒಂದೇ ಎಳೆತ. ಎಡಗಡೆ ಒಂದು ಕಡೆ ಮೋಡ ಬಂದಿದೆ, ನನ್ನ ಕೈ ಎರಡು ಸಲ ಹೋಗಿತ್ತು. ಬಲಗಡೆ ತುಂಬಾ ಚೆನ್ನಾಗಿ ಬಂದಿದೆ. ಟಬ್ ಎತ್ತಿದಾಗ ಅಮ್ಮ ಪಕ್ಕದಲ್ಲೇ ನಿಂತಿದ್ದರು. ಕೈಗೆ ಕೊಡು ಅಂದರು. ಇನ್ನೂ ಹಸಿ ಇದೆ ಅಂದೆ. ನಾಳೆವರೆಗೆ ಕಾಯುತ್ತಿದ್ದಾರೆ.

ಎಡಗಡೆ ಇನ್ನೊಂದು ಪದರ ಹಚ್ಚಬೇಕು. ಎಷ್ಟು ಹೊತ್ತು ಬಿಡಲಿ?

ಬೋರ್ಡ್ ಬರೆಯುವವ, ಕೊಪ್ಪಳ

ಪೂರ್ತಿ ಒಂದು ದಿನ ಬಿಡಿ, ಎರಡಾದರೆ ಇನ್ನೂ ಒಳ್ಳೆಯದು. ನಡುವೆ ಹಚ್ಚಿದರೆ ಸುಕ್ಕು ಬೀಳುತ್ತದೆ. ಡಬ್ಬಿಯಲ್ಲಿ ಎಷ್ಟು ಉಳಿದಿದೆ?

ಗುಡ್ಡದ ನೆರಳು, ಬಳ್ಳಾರಿ

ಅರ್ಧಕ್ಕಿಂತ ಜಾಸ್ತಿ ಇದೆ ಕಾಕಾ. ಎರಡು ಗೋಲಿ ಹಾಕಿ, ನಾಲ್ಕು ಹನಿ ಬಿಟ್ಟು, ಮುಚ್ಚಿ ನೆಲದ ಮೇಲೆ ಇಟ್ಟಿದ್ದೇನೆ.